ಲೆಕ್ಕಕ್ಕೆ ಸಿಗದವರ ಬೆವರು

ದೇಶದ ಆರ್ಥಿಕತೆ ಇಷ್ಟು ಶೇಕಡಾ ಬೆಳೆಯಿತೆಂದು ಸರಕಾರ ಘೋಷಿಸಿದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಬೀಡಿ ಸುತ್ತುವ ತಾಯಿ, ರಸ್ತೆ ಬದಿಯ ಪಂಕ್ಚರ್ ಅಂಗಡಿಯಾತ, ಮನೆಯಲ್ಲೇ ಹೊಲಿಗೆ ಯಂತ್ರ ತುಳಿಯುವ ಸಹೋದರಿ ಆ ಲೆಕ್ಕದಲ್ಲಿ ಎಲ್ಲಿದ್ದಾರೆ?

ಜಿಡಿಪಿ ಲೆಕ್ಕಾಚಾರದ ಆಧಾರ ವರ್ಷವನ್ನು 2011-12ರಿಂದ 2022-23ಕ್ಕೆ ಬದಲಾಯಿಸಲು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಕೈಗೊಂಡ ನಿರ್ಧಾರವು ಈ ಪ್ರಶ್ನೆಯನ್ನು ಮತ್ತೆ ಮುಂದಿಟ್ಟಿದೆ. ಬದಲಾವಣೆ ಬೆಲೆಗಳ ಅಳತೆಗೋಲಿಗೆ ಮಾತ್ರ ಸೀಮಿತವಲ್ಲ, ಲೆಕ್ಕದ ವಿಧಾನಕ್ಕೂ ಸಂಬಂಧಿಸಿದ್ದು.

2011-12ರ ಸರಣಿಯಲ್ಲಿ ಸಣ್ಣ ಉದ್ಯಮಗಳ ಲೆಕ್ಕಕ್ಕೆ 2010-11ರ ಸಮೀಕ್ಷೆಯೇ ಬುನಾದಿಯಾಗಿತ್ತು. ನಂತರದ ವರ್ಷಗಳಿಗೆ ಪರೋಕ್ಷ ಸೂಚಕಗಳಿಂದ ಅಂದಾಜು ಹಾಕಲಾಯಿತು. ಅವುಗಳಲ್ಲಿ ಹಲವು ದೊಡ್ಡ ಕಂಪೆನಿಗಳ ಸ್ಥಿತಿಯನ್ನು ತೋರುವಂಥವು. ಈ ಮಧ್ಯೆ 2016ರಲ್ಲಿ ನೋಟು ರದ್ದಾಯಿತು, 2017ರಲ್ಲಿ ಜಿಎಸ್‌ಟಿ ಬಂತು, 2020ರಲ್ಲಿ ಲಾಕ್‌ಡೌನ್ ಹೇರಲಾಯಿತು. ಕಂಪೆನಿಗಳು ಚೇತರಿಸಿಕೊಂಡವು; ಗಲ್ಲಿಯ ಅಂಗಡಿಗಳು ಬಾಗಿಲು ಮುಚ್ಚಿದವು. ಆನೆಯ ಆರೋಗ್ಯ ನೋಡಿ ಇರುವೆಯ ಹಸಿವನ್ನು ಅಳೆದರೆ ಸತ್ಯ ತಿಳಿಯುವುದೆಂತು?

ಹೊಸ ವಿಧಾನದಲ್ಲಿ ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆಯನ್ನು ನೇರವಾಗಿ ಬಳಸುವ ತೀರ್ಮಾನವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅಷ್ಟು ಸಾಲದು. 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ನೀಡಿ 2019ರಲ್ಲಿ ಸರಕಾರ ಕೈಬಿಟ್ಟಿದ್ದನ್ನು ಜನರು ಮರೆತಿಲ್ಲ. ಹಿಂದಿನ ವರ್ಷಗಳ ಲೆಕ್ಕವನ್ನೂ ಹೊಸ ವಿಧಾನದಲ್ಲೇ ತಯಾರಿಸಿ, ಕಹಿಯಾದರೂ ಜನರ ಮುಂದಿಡಬೇಕು. ಅಂಕಿಗಳು ಆಳುವವರ ಅಲಂಕಾರದ ಆಭರಣವಾಗಬಾರದು.

ನಮ್ಮ ಹೊಣೆಯೂ ಇಲ್ಲಿದೆ. 2006ರ ಸಾಚಾರ್ ವರದಿ ಸಮುದಾಯದ ಸ್ಥಿತಿಯನ್ನು ದೇಶದ ಮುಂದಿಡಲು ಸಾಧ್ಯವಾದದ್ದು ಜನಗಣತಿ ಮತ್ತು ರಾಷ್ಟ್ರೀಯ ಸಮೀಕ್ಷೆಗಳ ಅಂಕಿಗಳಿಂದಲೇ. ಮುಸ್ಲಿಮರಲ್ಲಿ ಸ್ವಂತ ದುಡಿಮೆ ನಂಬಿದವರೇ ಹೆಚ್ಚೆಂದು ಅದು ತೋರಿಸಿತು. 2020ರ ಆರಂಭದಲ್ಲಿ ಪೌರತ್ವದ ಭೀತಿಯಿಂದ ಸಮೀಕ್ಷೆಯವರನ್ನೂ ಜನ ಶಂಕಿಸಿದರು. ಆ ಭಯ ಅಕಾರಣವಾಗಿರಲಿಲ್ಲ. ಆದರೆ ಸಾಂಖ್ಯಿಕ ಮಾಹಿತಿಯನ್ನು ಅನ್ಯ ಉದ್ದೇಶಕ್ಕೆ ಬಳಸಬಾರದೆಂದು 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆ ಹೇಳುತ್ತದೆ. ಅದನ್ನು ಪಾಲಿಸಿ ವಿಶ್ವಾಸ ಗಳಿಸುವುದು ಸರಕಾರದ ಕರ್ತವ್ಯ. ಬಂದವರ ಗುರುತುಚೀಟಿ ನೋಡಿ, ಇದ್ದುದನ್ನು ಇದ್ದಂತೆ ಹೇಳುವುದು ನಮ್ಮದು.

ಬಾಗಿಲು ಮುಚ್ಚಿದ ಮನೆಯ ಬಡತನ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ದಾಖಲಾಗದ ಬಡತನಕ್ಕೆ ಬಜೆಟ್‌ನಲ್ಲಿ ಪಾಲೂ ಇರುವುದಿಲ್ಲ.