ಜೀವವಿಜ್ಞಾನದ ಗಣಕ ಪ್ರಯೋಗಗಳು ಗಣಕದಲ್ಲೇ ನಡೆಯಲಿ: ಒಂದು ಮನವಿ

ಇವರಿಗೆ:
ಮಾನ್ಯ ಕುಲಪತಿಗಳು ಹಾಗೂ ಜೀವವಿಜ್ಞಾನ ಅಧ್ಯಯನ ಮಂಡಳಿಯ ಅಧ್ಯಕ್ಷರು

ಇವರಿಂದ:
ಜೀವವಿಜ್ಞಾನ ವಿಭಾಗಗಳ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳು

ವಿಷಯ: ಪ್ರಯೋಗ ಪರೀಕ್ಷೆಯ ಸುಧಾರಣೆ, ಮುಕ್ತ ತಂತ್ರಾಂಶ ಮತ್ತು ಸರ್ವರ್ ಒದಗಿಸುವ ಕುರಿತು.

ಮಾನ್ಯರೇ,

ಕಳೆದ ಪ್ರಯೋಗ ಪರೀಕ್ಷೆಯಲ್ಲಿ ನಾವು ಬ್ಲಾಸ್ಟ್ ಎಂಬ ಸರಣಿ ಹೋಲಿಕೆಯ ಹುಡುಕಾಟದ ಹಂತಗಳನ್ನು ಪೆನ್ನಿನಲ್ಲಿ ಬರೆದೆವು. ಹಿರಿಯರ ರೆಕಾರ್ಡಿನಿಂದ ಜೆರಾಕ್ಸ್ ಮಾಡಿಸಿದ ಪರದೆಯ ಚಿತ್ರ ಅಂಟಿಸಿ ಪೂರ್ಣ ಅಂಕ ಪಡೆದೆವು. ಒಂದೇ ಒಂದು ಡಿಎನ್‌ಎ ಸರಣಿಯನ್ನೂ ನಾವು ಹುಡುಕಿರಲಿಲ್ಲ. ಫಲಿತಾಂಶದಲ್ಲಿ ಬರುವ ಇ-ವ್ಯಾಲ್ಯೂ ಸೊನ್ನೆಗೆ ಹತ್ತಿರವಾದಷ್ಟೂ ಹೋಲಿಕೆ ಆಕಸ್ಮಿಕವಾಗಿರುವ ಸಂಭವ ಕಡಿಮೆ ಎಂಬುದು ನಮಗೆ ಬಾಯಿಪಾಠ. ಹುಡುಕುವ ದತ್ತಸಂಚಯ ದೊಡ್ಡದಾದರೆ ಅದೇ ಹೋಲಿಕೆಯ ಇ-ವ್ಯಾಲ್ಯೂ ಏರುತ್ತದೆ ಎಂಬುದು ಮಾತ್ರ ಕೈಯಾರೆ ಮಾಡಿ ನೋಡಿದಾಗಲೇ ಮನಸ್ಸಿಗೆ ಇಳಿಯುವ ಸಂಗತಿ. ಆದ್ದರಿಂದ ಈ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆಯೇ, ಪರೀಕ್ಷಕರು ಅಲ್ಲೇ ಕೊಡುವ ಸರಣಿಯ ಮೇಲೆ ನಡೆಸಬೇಕೆಂಬುದು ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ.

ದತ್ತಾಂಶ ವಿಶ್ಲೇಷಣೆಗೆ ನಮಗೆ ಕಲಿಸುತ್ತಿರುವುದು ಎಕ್ಸೆಲ್ ಒಂದನ್ನೇ. ಸೆಪ್ಟ್2, ಮಾರ್ಚ್1 ಎಂಬ ವಂಶವಾಹಿಗಳ ಹೆಸರನ್ನು ಅದು ತಾನಾಗಿಯೇ ದಿನಾಂಕವಾಗಿ ಬದಲಿಸುತ್ತಿದ್ದುದು ಜಗತ್ತಿಗೇ ಗೊತ್ತಿರುವ ವಿಷಯ. ವಂಶವಾಹಿ ಪಟ್ಟಿಗಳನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ತಪ್ಪುಗಳಿವೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಮಾನವ ವಂಶವಾಹಿ ನಾಮಕರಣ ಸಮಿತಿ ಆ ಹೆಸರುಗಳನ್ನೇ ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಬದಲಿಸಬೇಕಾಯಿತು. ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರತಿ ಹೆಜ್ಜೆಯೂ ಬರಹದಲ್ಲಿ ಉಳಿಯುವುದರಿಂದ ತಪ್ಪು ಎಲ್ಲಿ ನುಸುಳಿತೆಂದು ಹಿಂದಿರುಗಿ ಹುಡುಕಬಹುದು. ಮಾರ್ಗದರ್ಶಕರಿಗೂ ಅದು ಅನುಕೂಲ. ಆದ್ದರಿಂದ ಇವುಗಳನ್ನು ಕಲಿಸಿ, ಪ್ರೌಢ ಪ್ರಬಂಧದ ಜೊತೆ ಮೂಲ ದತ್ತಾಂಶ ಮತ್ತು ಕೋಡ್ ಸಲ್ಲಿಸುವುದನ್ನು ಕಡ್ಡಾಯ ಮಾಡಿ.

ನಮ್ಮ ಸಹಪಾಠಿಯೊಬ್ಬರ ವಿಶ್ಲೇಷಣೆ ಅರ್ಧಕ್ಕೆ ಬಂದಿದ್ದಾಗ ವಿಭಾಗದ ತಂತ್ರಾಂಶದ ಪರವಾನಗಿ ಮುಗಿಯಿತು. ಅವರು ಮಾಡಿಟ್ಟ ಕಡತಗಳನ್ನು ಅವರಿಂದಲೇ ತೆರೆಯಲಾಗಲಿಲ್ಲ. ಆರ್, ಬಯೋಕಂಡಕ್ಟರ್, ಗ್ರೋಮ್ಯಾಕ್ಸ್ ಎಲ್ಲವೂ ಮುಕ್ತ ತಂತ್ರಾಂಶಗಳು, ಉಚಿತವಾಗಿ ಸಿಗುತ್ತವೆ. ಪರವಾನಗಿಗೆ ತೆರುವ ಹಣ ಯಂತ್ರಕ್ಕೂ ತರಬೇತಿಗೂ ಹೋಗಲಿ.

ಯಂತ್ರ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕ: ಗ್ರೋಮ್ಯಾಕ್ಸ್‌ನಲ್ಲಿ ಪ್ರೋಟೀನಿನ ಚಲನೆಯನ್ನು 2 ಫೆಮ್ಟೊಸೆಕೆಂಡಿನ ಹೆಜ್ಜೆಗಳಲ್ಲಿ 100 ನ್ಯಾನೊಸೆಕೆಂಡ್ ನಡೆಸಲು 5 ಕೋಟಿ ಹೆಜ್ಜೆಗಳು ಬೇಕು, ಪ್ರತಿ ಹೆಜ್ಜೆಯಲ್ಲೂ ಸಾವಿರಾರು ಪರಮಾಣುಗಳ ಮೇಲಿನ ಬಲವನ್ನು ಲೆಕ್ಕ ಹಾಕಬೇಕು. ಹಾಸ್ಟೆಲಿನ ಲ್ಯಾಪ್‌ಟಾಪ್ ಇದಕ್ಕೆ ಸಾಲದು. ಜಿಪಿಯು ಇರುವ ಒಂದು ಸರ್ವರ್, ಯುಪಿಎಸ್, ಅದನ್ನು ನೋಡಿಕೊಳ್ಳುವ ಒಬ್ಬ ಕಾಯಂ ಸಿಬ್ಬಂದಿ ಇಷ್ಟನ್ನು ಎಲ್ಲ ವಿಭಾಗಗಳಿಗೂ ಸೇರಿಸಿ ಕೊಟ್ಟರೆ ಸಾಕು. ಯಂತ್ರ ತಂದು ಆಳು ಕೊಡದಿದ್ದರೆ ಅದು ಬೀಗ ಹಾಕಿದ ಕೋಣೆಯಲ್ಲೇ ಉಳಿಯುತ್ತದೆ.

ಇಂಥ ಲೆಕ್ಕದ ಜೀವವಿಜ್ಞಾನ ನಮ್ಮ ನಾಡಿಗೆ ಹೊಸದಲ್ಲ: ಪ್ರೋಟೀನಿನ ಕೊಂಡಿಗಳು ಎಷ್ಟು ತಿರುಗಬಲ್ಲವೆಂದು ಲೆಕ್ಕದಿಂದಲೇ ತೋರಿಸಿದ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1963ರಲ್ಲಿ, ಮದರಾಸಿನಲ್ಲಿದ್ದಾಗ. ಮುಂದೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಭೌತ ವಿಭಾಗ ಕಟ್ಟಿದರು. ಅದೇ ನಾಡಿನಲ್ಲಿ ಓದುತ್ತಿರುವ ನಾವು ಆ ನಕ್ಷೆಯನ್ನು ಪಠ್ಯದಿಂದ ನೋಡಿ ಬರೆಯುತ್ತಿದ್ದೇವೆ.

ಈ ಮನವಿಯನ್ನು ಅಧ್ಯಯನ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಚರ್ಚೆಗೆ ನಮ್ಮಲ್ಲಿ ಇಬ್ಬರನ್ನು ಕರೆಯಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ವಿದ್ಯಾರ್ಥಿಗಳು