ಸಹನೆಯ ಹೆಸರಿನಲ್ಲಿ ಉಪೇಕ್ಷೆ

ಕಾಲು ಮುರಿದವನಿಗೆ ಎದ್ದು ನಡೆಯೆಂದು ಯಾರೂ ಉಪದೇಶಿಸುವುದಿಲ್ಲ. ಆದರೆ ಭೀಕರ ಅಪಘಾತವೊಂದರಿಂದ ಪಾರಾಗಿ ಬಂದು, ತಿಂಗಳುಗಳು ಕಳೆದರೂ ನಡುರಾತ್ರಿ ಬೆಚ್ಚಿ ಏಳುವವನಿಗೆ, ಬಸ್ಸಿನ ಸದ್ದು ಕೇಳಿದೊಡನೆ ಮೈ ಬೆವರುವವನಿಗೆ, ಬಂಧುಬಳಗದವರು ಉಪದೇಶದ ಮಳೆಯನ್ನೇ ಸುರಿಸುತ್ತಾರೆ. ‘ಆದದ್ದನ್ನು ಮರೆತುಬಿಡು’, ‘ಧೈರ್ಯ ತಂದುಕೋ’, ‘ಕಾಲವೇ ಎಲ್ಲಕ್ಕೂ ಮದ್ದು’, ಕಡೆಗೆ ‘ಪೂರ್ವಾರ್ಜಿತ ಕರ್ಮ, ಅನುಭವಿಸಿಯೇ ತೀರಬೇಕು’. ಹಿತವಚನಗಳಂತೆ ಕೇಳಿಸುವ ಈ ನಾಲ್ಕು ಮಾತುಗಳು ರೋಗಿಗೂ ವೈದ್ಯನಿಗೂ ನಡುವೆ ಎದ್ದ ನಾಲ್ಕು ಗೋಡೆಗಳಾಗಿವೆ. ಇವನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ಮೊದಲು ಬೇನೆಯ ಸ್ವರೂಪವನ್ನು ಅರಿಯಬೇಕು. ಪ್ರಾಣಭಯ, ಲೈಂಗಿಕ ದೌರ್ಜನ್ಯ, ಹೊಡೆತ, ಪ್ರಕೃತಿವಿಕೋಪ, ಕಣ್ಣೆದುರಿನ ಘೋರ ಮರಣ ಮೊದಲಾದವುಗಳ ತರುವಾಯ ಕೆಲವರಲ್ಲಿ ಉಂಟಾಗುವ ಈ ಸ್ಥಿತಿಗೆ ಆಘಾತೋತ್ತರ ಒತ್ತಡದ ಬೇನೆ ಎಂದು ಹೆಸರು, ವೈದ್ಯರು ಪಿ.ಟಿ.ಎಸ್.ಡಿ. ಎನ್ನುತ್ತಾರೆ. ಘಟನೆ ಮುಗಿದಿದ್ದರೂ ಮನಸ್ಸಿನ ಪಾಲಿಗೆ ಅದು ಮುಗಿದಿರುವುದಿಲ್ಲ. ನೆನಪು ನೆನಪಾಗಿ ಬಾರದೆ, ಈ ಕ್ಷಣದಲ್ಲಿಯೇ ನಡೆಯುತ್ತಿರುವಂತೆ ಮೇಲೆರಗುತ್ತದೆ. ಘಟನೆಯನ್ನು ನೆನಪಿಸುವ ಸ್ಥಳ, ವ್ಯಕ್ತಿ, ಮಾತುಗಳಿಂದ ರೋಗಿ ತಪ್ಪಿಸಿಕೊಳ್ಳತೊಡಗುತ್ತಾನೆ. ನಿದ್ರೆ ಕೆಡುತ್ತದೆ, ಸಣ್ಣ ಸದ್ದಿಗೂ ದೇಹ ಬೆಚ್ಚುತ್ತದೆ, ಸಿಟ್ಟು ಮಿತಿಮೀರುತ್ತದೆ, ಪ್ರೀತಿಪಾತ್ರರಲ್ಲಿಯೂ ಆಸಕ್ತಿ ಬತ್ತುತ್ತದೆ. ಅಪಾಯವಿಲ್ಲದಾಗಲೂ ಅಪಾಯದ ಗಂಟೆ ಬಾರಿಸುತ್ತಲೇ ಇರುವ ದೇಹಸ್ಥಿತಿ ಇದು.

‘ಧೈರ್ಯ ತಂದುಕೋ’ ಎಂಬವರು ಇತಿಹಾಸದ ಒಂದು ಪುಟವನ್ನು ಓದಬೇಕು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ನಡುಕ, ಮೂಕತನ, ಸ್ಮೃತಿಭ್ರಂಶಗಳಿಗೆ ತುತ್ತಾದ ಸೈನಿಕರ ಸ್ಥಿತಿಯನ್ನು 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದನು. ಆದರೂ ಆ ಯುದ್ಧದಲ್ಲಿ ಬ್ರಿಟಿಷ್ ಸೇನೆ ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರು ಮನೋಘಾತದಿಂದ ಜರ್ಜರಿತರಾದವರೆಂಬುದನ್ನು ಒಪ್ಪಿ ಆ ದೇಶದ ಸಂಸತ್ತು ಅವರಿಗೆಲ್ಲ ಮರಣೋತ್ತರ ಕ್ಷಮೆ ನೀಡಿದ್ದು 2006ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಕಣ್ಣು ತೆರೆಸಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಬೇನೆಯನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ರಣರಂಗದಲ್ಲಿ ನಿಂತವರಿಗೇ ಬಂದ ಬೇನೆಯನ್ನು ಹೇಡಿತನವೆನ್ನುವುದಾದರೆ ಧೀರರೆಂದು ಯಾರನ್ನು ಕರೆಯಬೇಕು?

ಇದು ಪರದೇಶದ ಸೈನಿಕರ ರೋಗವೆಂಬ ಭ್ರಮೆಯೂ ಸಲ್ಲದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಯೊಂದಕ್ಕೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಆ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಮನಃಸ್ಥಿತಿಯನ್ನು ನಿಮ್ಹಾನ್ಸ್‌ನ ವಿದ್ವಾಂಸರು ಅಧ್ಯಯನ ಮಾಡಿದರು. 1984ರ ಭೋಪಾಲದ ವಿಷಾನಿಲ ದುರಂತದ ತರುವಾಯ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಚಿಕಿತ್ಸೆಯ ತರಬೇತಿ ನೀಡುವ ಕಾರ್ಯದಲ್ಲಿಯೂ ಆ ಸಂಸ್ಥೆ ಪಾಲ್ಗೊಂಡಿತು. ತಿಳಿವಳಿಕೆ ಈ ನಾಡಿನಲ್ಲಿಯೇ ಇದೆ; ಮನೆಯ ಹೊಸ್ತಿಲನ್ನು ಅದು ದಾಟಿಲ್ಲ.

‘ಕಾಲವೇ ಮದ್ದು’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆಘಾತಕ್ಕೊಳಗಾದವರಲ್ಲಿ ಹೆಚ್ಚಿನವರು ಆಪ್ತರ ಆಸರೆಯಿಂದ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದುದರಿಂದಲೇ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ ಅದನ್ನು ಈ ಬೇನೆಯೆಂದು ನಿರ್ಣಯಿಸುತ್ತಾರೆ. ಆ ಗಡಿ ದಾಟಿದ ಮೇಲೂ ವರ್ಷಗಟ್ಟಲೆ ಕಾಯಿಸುವುದು ತಾಳ್ಮೆಯಲ್ಲ, ಉಪೇಕ್ಷೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಬೇನೆಯುಳ್ಳ ನಾಲ್ವರಲ್ಲಿ ಒಬ್ಬರು ಮಾತ್ರ ಚಿಕಿತ್ಸೆಯನ್ನು ಅರಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಮೂವರನ್ನು ಕಾಲದ ಕೈಗೆ ಒಪ್ಪಿಸಲಾಗಿದೆ.

‘ಮರೆತುಬಿಡು’ ಎಂಬುದಂತೂ ಅಸಾಧ್ಯವನ್ನು ಆಜ್ಞಾಪಿಸುವ ಮಾತು. ನೆನಪಿನಿಂದ ತಪ್ಪಿಸಿಕೊಳ್ಳುವ ಯತ್ನವೇ ಬೇನೆಯನ್ನು ಪೋಷಿಸುತ್ತದೆ. ಮನೋಚಿಕಿತ್ಸೆ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ತರಬೇತಿ ಹೊಂದಿದ ಚಿಕಿತ್ಸಕನ ಸನ್ನಿಧಿಯಲ್ಲಿ, ರೋಗಿಯ ಒಪ್ಪಿಗೆಯಿಂದ, ಅವನ ಶಕ್ತಿಯನ್ನರಿತು, ಆ ನೆನಪನ್ನು ಕ್ರಮಕ್ರಮವಾಗಿ ಎದುರಿಸುವ ಅಭ್ಯಾಸವದು. ‘ಎಲ್ಲವೂ ನನ್ನ ತಪ್ಪು’ ಎಂಬಂಥ ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡುವುದೂ ಅದರ ಭಾಗ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎಂಟರಿಂದ ಹದಿನೈದು ಭೇಟಿಗಳಲ್ಲಿ ಅನೇಕರಿಗೆ ಗಣನೀಯ ಉಪಶಮನ ದೊರೆಯುತ್ತದೆ. ಘಟನೆ ಅಳಿಯುವುದಿಲ್ಲ, ಅದು ಭೂತಕಾಲಕ್ಕೆ ಸಲ್ಲುತ್ತದೆ. ಕೆಲವರಿಗೆ ವೈದ್ಯರು ಔಷಧವನ್ನೂ ಕೊಡುತ್ತಾರೆ. ಆದರೆ ಅಂಗಡಿಯಿಂದ ತಂದ ನಿದ್ರೆಗುಳಿಗೆ ಚಿಕಿತ್ಸೆಯಾಗದು. ನೆಂಟರು ಸುತ್ತ ಕುಳಿತು ‘ಏನಾಯಿತು ಹೇಳು’ ಎಂದು ಮತ್ತೆ ಮತ್ತೆ ಕೆದಕುವುದೂ ಚಿಕಿತ್ಸೆಯಾಗದು. ಕಣ್ಣು ಮುಚ್ಚಿದೊಡನೆ ಘಟನೆಯೇ ಕಾಣುವವನಿಗೆ ‘ಧ್ಯಾನಕ್ಕೆ ಕುಳಿತುಕೋ, ಎಲ್ಲ ಸರಿಹೋಗುತ್ತದೆ’ ಎನ್ನುವುದೂ ಕ್ರೂರವಾಗಬಹುದು. ಧ್ಯಾನ ಚಿಕಿತ್ಸೆಗೆ ಜೊತೆಯಾಗಲಿ, ಬದಲಿಯಾಗದಿರಲಿ.

ಇನ್ನು ಕರ್ಮದ ಮಾತು. ಧರ್ಮಶ್ರದ್ಧೆಯುಳ್ಳ ಮನೆಗಳಲ್ಲಿ ಅತ್ಯಂತ ಬಲವಾದ ಗೋಡೆ ಇದೇ. ಅಸಾತಾವೇದನೀಯದ ಉದಯದಿಂದ ದುಃಖವೆಂಬುದು ಶಾಸ್ತ್ರವಚನ. ಆದರೆ ಜ್ವರ ಬಂದಾಗ, ಹೆರಿಗೆ ಕಷ್ಟವಾದಾಗ, ಎದೆ ನೊಂದಾಗ ಅದೇ ಮನೆಯವರು ಆಸ್ಪತ್ರೆಗೆ ಧಾವಿಸುವುದಿಲ್ಲವೇ? ದೇಹಕ್ಕೆ ಔಷಧ, ಮನಸ್ಸಿಗೆ ಕರ್ಮಸಿದ್ಧಾಂತ ಎಂಬ ಈ ವಿಂಗಡಣೆಗೆ ಯಾವ ಆಗಮದ ಆಧಾರವಿದೆ? ಪರೀಷಹಗಳನ್ನು ಸಮಭಾವದಿಂದ ಸಹಿಸುವುದು ಮುನಿಗಳು ಸ್ವತಃ ಸ್ವೀಕರಿಸಿದ ವ್ರತ. ಒಬ್ಬನು ತಾನಾಗಿ ಸಹಿಸಿದರೆ ತಪಸ್ಸು. ಇನ್ನೊಬ್ಬನ ಮೇಲೆ ಸಹನೆಯನ್ನು ಹೇರಿದರೆ ಹಿಂಸೆ. ಅದರಲ್ಲಿಯೂ ದೌರ್ಜನ್ಯಕ್ಕೊಳಗಾದ ಹೆಣ್ಣುಮಗಳಿಗೆ ‘ನಿನ್ನ ಕರ್ಮ’ ಎನ್ನುವುದು ಅಪರಾಧಿಯನ್ನು ಬಿಟ್ಟು ನೊಂದವಳನ್ನು ದೋಷಿಯ ಸ್ಥಾನದಲ್ಲಿ ನಿಲ್ಲಿಸಿದಂತೆ.

ಹೇಳದೆ ಉಳಿಯುವ ಐದನೆಯ ಗೋಡೆಯೊಂದಿದೆ: ‘ಮನೋವೈದ್ಯರ ಬಳಿ ಹೋದರೆ ಜನ ಏನೆಂದಾರು, ಮಗಳಿಗೆ ಸಂಬಂಧ ಕೂಡಿಬರುವುದೇ’ ಎಂಬ ಭಯ. ರೋಗಿಯ ವಿವರಗಳ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹಕ್ಕಾಗಿ ಮಾನ್ಯ ಮಾಡಿದೆ. ವಿಮೆಯಲ್ಲಿಯೂ ದೈಹಿಕ ರೋಗಕ್ಕೆ ಸಮನಾದ ಸ್ಥಾನವನ್ನು ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮಾತ್ರವಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕನ್ನಡದಲ್ಲಿಯೇ, ಉಚಿತವಾಗಿ, ಹಗಲಿರುಳೆನ್ನದೆ ಕರೆ ಮಾಡಬಹುದು. ಜನರ ಬಾಯಿಗೆ ಹೆದರಿ ಮಗಳ ಬೇನೆಯನ್ನು ಮುಚ್ಚಿಡುವ ತಂದೆತಾಯಿ, ಮದುವೆಯ ತರುವಾಯ ಆ ಬೇನೆಯನ್ನು ಅವಳೊಬ್ಬಳೇ ಹೊತ್ತು ನಡೆಯುವಂತೆ ಮಾಡುತ್ತಾರೆ.

ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನವನ್ನು ಶ್ರಾವಕನ ಕರ್ತವ್ಯವೆಂದು ಸಾರುವ ಸಮಾಜವಿದು. ಭಯವೇ ರೋಗವಾಗಿ ಕಾಡುವವನ ಮುಂದೆ ಅಭಯದಾನವೂ ಔಷಧದಾನವೂ ಒಂದೇ ಆಗುತ್ತವೆ. ನೇತ್ರಚಿಕಿತ್ಸಾ ಶಿಬಿರಗಳನ್ನೂ ರಕ್ತದಾನ ಶಿಬಿರಗಳನ್ನೂ ಉತ್ಸಾಹದಿಂದ ಏರ್ಪಡಿಸುವ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನು ಕರೆಸಲಿ. ತರುಣರು ನೊಂದವರ ಜೊತೆಗೂಡಿ ಆಸ್ಪತ್ರೆಯ ಮೊದಲ ಮೆಟ್ಟಿಲು ಹತ್ತಲಿ. ಹಿರಿಯರು ಉಪದೇಶಕ್ಕೆ ಬಾಯಿ ತೆರೆಯುವ ಮುನ್ನ ‘ವೈದ್ಯರನ್ನು ಕಂಡೆಯಾ, ಜೊತೆಗೆ ಬರಲೇ’ ಎಂದೊಮ್ಮೆ ಕೇಳಲಿ. ಇಷ್ಟನ್ನೂ ಮಾಡಲಾಗದವರು ‘ಮರೆತುಬಿಡು’ ಎಂಬ ಮಾತನ್ನಾದರೂ ಆಡದೆ ಇರಲಿ.