ಹಳೇ ರೈಲ್ವೆ ಸ್ಟೇಷನ್ನಿನ ಮಾದರಿ ನಮ್ಮ ಮಕ್ಕಳೇ ಮಾಡಲಿ

ನಮ್ಮ ನಂದಗುಡಿಗೆ ರೈಲಿಲ್ಲ. ಆದರೆ ಪಕ್ಕದ ತಾಲ್ಲೂಕು ದೇವನಹಳ್ಳಿಗೆ 1915ರಲ್ಲೇ ರೈಲು ಬಂತು. ಅದು ನ್ಯಾರೋಗೇಜ್, ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಚಿಕ್ಕಬಳ್ಳಾಪುರ, ಚಿಂತಾಮಣಿ ಮೇಲೆ ಕೋಲಾರದವರೆಗೂ ಈ ಪುಟ್ಟ ರೈಲು ಓಡುತ್ತಿತ್ತು.

ಈಗ ಅದೇ ದಾರಿ ಬ್ರಾಡ್‌ಗೇಜ್ ಆಗಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ಸ್ಟೇಷನ್ ಕಟ್ಟಡಗಳು ಪಾಳುಬಿದ್ದಿದ್ದವು. ಅವುಗಳ ದುರಸ್ತಿಗೆ ಇಂಟ್ಯಾಕ್ ಸಂಸ್ಥೆ ಕೈಹಾಕಿದ್ದು ಒಳ್ಳೆಯ ಕೆಲಸ. ಆದರೆ ಸಂಸ್ಥೆಯವರು ಎಷ್ಟು ದಿನ ಕಾಯುತ್ತಾರೆ? ಇದು ನಮ್ಮದು ಅಂತ ಊರಿನವರಿಗೆ ಅನ್ನಿಸಬೇಕು.

ಅದಕ್ಕೇ ನಮ್ಮ ಸಲಹೆ: ಹೈಸ್ಕೂಲ್ ಮಕ್ಕಳು ಒಂದು ಸ್ಟೇಷನ್ನಿನ ಮಾದರಿ ಮಾಡಲಿ. ಅಂಗಡಿಯಿಂದ ತಂದ ಥರ್ಮಾಕೋಲ್ ಮನೆ ಬೇಡ. ಮೇಷ್ಟ್ರು ರೈಲ್ವೆಯವರ ಅನುಮತಿ ಪಡೆದು ಕರೆದುಕೊಂಡು ಹೋಗಲಿ. ಮಕ್ಕಳು ಟೇಪ್ ಹಿಡಿದು ಗೋಡೆ, ಬಾಗಿಲು, ಕಿಟಕಿ ಅಳೆಯಲಿ. ಐವತ್ತರಲ್ಲಿ ಒಂದು ಪಾಲಿನ ಅಳತೆ ಸಾಕು: ಒಂದು ಮೀಟರ್ ಗೋಡೆಗೆ 2 ಸೆಂ.ಮೀ. ರಟ್ಟು. ಹಳೇ ಹಳಿಯ 762 ಮಿ.ಮೀ. ಅಂತರ ಮಾದರಿಯಲ್ಲಿ 15 ಮಿ.ಮೀ. ಆಗುತ್ತದೆ. ಅನುಪಾತದ ಲೆಕ್ಕ ಬೋರ್ಡಿಗಿಂತ ಇಲ್ಲೇ ಚೆನ್ನಾಗಿ ತಲೆಗೆ ಹತ್ತುತ್ತದೆ.

ಇದು ಬರೀ ಆಟವಲ್ಲ. ಏರ್‌ಪೋರ್ಟ್ ಬಂದಮೇಲೆ ನಮ್ಮ ಸುತ್ತಮುತ್ತ ಜೆಸಿಬಿ ನಿಂತಿಲ್ಲ. ಅಳತೆ ಬರೆದಿಟ್ಟ ಕಟ್ಟಡ ಬಿದ್ದರೂ ಮತ್ತೆ ಎಬ್ಬಿಸಬಹುದು. ಬರೀ ಫೋಟೋ ಇದ್ದರೆ ಅಂದಾಜೇ ಗತಿ. ಟಿಕೆಟ್ ಕೊಡುತ್ತಿದ್ದ ಕಿಟಕಿ ಯಾವುದು, ಮೂಟೆ ಇಳಿಸುತ್ತಿದ್ದದ್ದು ಎಲ್ಲಿ ಅಂತ ಹೇಳಬಲ್ಲ ಅಜ್ಜ-ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಈಗಲೇ ಕೇಳಬೇಕು.

ಮಾದರಿಯನ್ನು ಪಂಚಾಯ್ತಿ ಲೈಬ್ರರಿಯಲ್ಲಿ ಇಡೋಣ. ಪಕ್ಕದಲ್ಲೇ ಅಳತೆಯ ಪುಸ್ತಕವೂ ಇರಲಿ.